ದೀಪಕ್ಕೆ ಎಣ್ಣೆ ಹಾಕುವ ಕಾರು

ಸಮ್ಮೇಳನದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಘದ ಮಿತ್ರರು ಮನೆಗೆ ಬಂದು ಕೇಳಿದಾಗ, ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನು ಕುರಿತು ನಾನು ಬರೆಯುವೆನೆಂಬ ನಿರೀಕ್ಷೆ ಅವರಿಗೆ ಇದ್ದಂತೆ ಕಂಡಿತು. ಆ ವಿಷಯವಾಗಿ ಹಿಂದೆ ಎರಡು ಸಲ ಬರೆದಿದ್ದೇನೆ. 1967ರ ಮಹಾಜನ ವರದಿಯನ್ನು ಮೂರನೆಯ ಸಲ ಎತ್ತಿದರೆ ಓದುವವರಿಗೂ ಬೇಸರ, ನನಗೂ ಬೇಸರ. ಆದುದರಿಂದ ಈ ಬಾರಿ ಒಂದು ಮೋಟಾರು ಕಾರಿನ ವಿಷಯ ಬರೆಯುತ್ತೇನೆ. ನಿವೃತ್ತ ಮುಖ್ಯಾಧ್ಯಾಪಕನಿಗೂ ಅಮೆರಿಕದ ಕಾರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ನನ್ನ ಹೆಸರಿನ ಮುಂದಿರುವ ಬಿ.ಎ., ಬಿ.ಎಡ್. ಎಂಬ ಅಕ್ಷರಗಳಿಗೂ ಆ ಕಾರಿಗೂ ಇರುವ ಸಂಬಂಧ ನನಗೇ ಬಹಳ ತಡವಾಗಿ ತಿಳಿಯಿತು.

ನಾನು ಹುಟ್ಟಿದ್ದು ಅಕ್ಕಲಕೋಟ ತಾಲೂಕಿನ ನಾಗಣಸೂರದಲ್ಲಿ. ಸೊಲ್ಲಾಪುರದಿಂದ ಕಲಬುರಗಿಯ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ನಮ್ಮಲ್ಲಿ ನಿಲ್ಲುತ್ತಿತ್ತು; ಮೋಟಾರು ಕಾರು ನಿಲ್ಲುವುದಕ್ಕೆ ಕಾರಣವೇ ಇರಲಿಲ್ಲ. 1955ರಲ್ಲಿ ನಮ್ಮ ತಂದೆ ತೀರಿಕೊಂಡರು. ಆಗ ನನಗೆ ಆರು ವರ್ಷ, ಅಣ್ಣನಿಗೆ ಹದಿಮೂರು. ಆರನೆಯ ಇಯತ್ತೆಯಲ್ಲಿದ್ದ ಅವನನ್ನು ಸೋದರಮಾವ ಸೊಲ್ಲಾಪುರಕ್ಕೆ ಕರೆದೊಯ್ದು ಹಳೆಯ ಪುಣೆ ನಾಕಾದ ಬಳಿಯ ಒಂದು ಗ್ಯಾರೇಜಿನಲ್ಲಿ ಬಿಟ್ಟರು. ಇಬ್ಬರಲ್ಲಿ ಒಬ್ಬನೇ ಓದಬಹುದೆಂಬ ಮಾತು ಮನೆಯಲ್ಲಿ ಯಾವಾಗ ಆಯಿತೋ, ಯಾರು ಆಡಿದರೋ ನನಗೆ ತಿಳಿಯದು. ಒಂದು ಸಂಗತಿ ಮಾತ್ರ ಹೇಳಬಲ್ಲೆ. ನಮ್ಮಿಬ್ಬರಲ್ಲಿ ಅಕ್ಷರ ಚೆನ್ನಾಗಿದ್ದುದು ಅಣ್ಣನದು, ಗಣಿತ ಬರುತ್ತಿದ್ದುದೂ ಅಣ್ಣನಿಗೆ.

1959ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಮ್ಮ ಊರ ಅಗಸಿಯ ಹೊರಗೆ ಧೂಳೆದ್ದಿತು. ಸೊಲ್ಲಾಪುರದ ಒಬ್ಬ ಜವಳಿ ವರ್ತಕರು ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರು, ತಮ್ಮ ಗಾಡಿಯ ಕ್ಲೀನರ್ ಹುಡುಗ ತಾಯಿಯ ಮುಖ ನೋಡಿ ವರ್ಷವಾಯಿತೆಂದು ತಿಳಿದು ದಾರಿ ತಿರುಗಿಸಿದ್ದರು. ಆ ಹುಡುಗನೇ ನಮ್ಮಣ್ಣ. ಗಾಡಿ ಕ್ಯಾಡಿಲಾಕ್. ಆ ಹೆಸರನ್ನು ನಾವು ಉಚ್ಚರಿಸಲು ಪ್ರಯತ್ನಿಸಿ ಸೋತು 'ಕಡ್ಲಾಕ' ಎಂದು ಕರೆದೆವು. ಸುಮಾರು ಹದಿನೆಂಟು ಅಡಿ ಉದ್ದ. ನಮ್ಮ ಮನೆಯ ಪಡಸಾಲೆಗಿಂತ ದೊಡ್ಡದು. ಬಣ್ಣ, ಮಳೆಗೆ ಮೊದಲು ಮೋಡ ಕೂಡಿದಾಗಿನ ಬಣ್ಣ. ಸ್ಟೇರಿಂಗ್ ಎಡಗಡೆ. ಅಣ್ಣ ಎಲ್ಲಿಯೋ ಒಂದು ಗುಂಡಿ ಒತ್ತಿದನು. ಕಾರಿನ ಬಟ್ಟೆಯ ಛತ್ತು ತಾನಾಗಿ ಮೇಲೆದ್ದು, ನಡು ಮುರಿದು, ಹಿಂದಕ್ಕೆ ಸರಿದು ಮಡಿಚಿಕೊಂಡಿತು. ಸವಾರಿ ಬಂಡಿಗೆ ಕಮಾನು ಕಟ್ಟಿ ಬಿಚ್ಚುವುದನ್ನು ನೋಡಿದ್ದ ನಮ್ಮ ಜನ, ಯಾರೂ ಮುಟ್ಟದೆ ಕಮಾನು ಬಿಚ್ಚಿಕೊಂಡದ್ದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

ಅದಕ್ಕಿಂತಲೂ ದೊಡ್ಡ ಬೆರಗು ಮುಂದೆ ಕಾದಿತ್ತು. ಹೊರಡುವ ಮೊದಲು ಪೆಟ್ರೋಲ್ ಹಾಕಬೇಕಾಯಿತು. ಅಣ್ಣ ಡಬ್ಬಿ ಹಿಡಿದು ಹಿಂಬದಿಗೆ ಹೋದನು. ಎಡಗಡೆಯ ಮಡ್‌ಗಾರ್ಡಿನ ತುದಿ ಮೀನಿನ ಬಾಲದಂತೆ ಮೇಲಕ್ಕೆದ್ದಿತ್ತು. ಅದರಲ್ಲಿ ಕೆಂಪು ದೀಪ. ಅಣ್ಣ ದೀಪವನ್ನೇ ಹಿಡಿದು ಮೇಲಕ್ಕೆತ್ತಿದನು. ಅದು ಮುಚ್ಚಳದಂತೆ ತೆರೆದುಕೊಂಡಿತು. ಅದರೊಳಗಿನ ಬಾಯಿಗೆ ಎಣ್ಣೆ ಸುರಿದನು.

"ನೋಡವ್ವಾ, ನಿನ್ನ ಮಗ ದೀಪಕ್ಕ ಎಣ್ಣಿ ಹಾಕಲಕತ್ತಾನ!" ಎಂದು ಯಾರೋ ಕೂಗಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಊರಲ್ಲಿ ಬಹಳ ವರ್ಷ ಆ ಗಾಡಿಗೆ 'ದೀಪದ ಎಣ್ಣಿ ಕಾರು' ಎಂದೇ ಹೆಸರಾಗಿತ್ತು.

ಆ ಕಾರಿನ ಕುಲಗೋತ್ರವನ್ನು ನಾನು ಓದಿ ತಿಳಿದದ್ದು ನಿವೃತ್ತನಾದ ಮೇಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಫೆಬ್ರುವರಿಯಿಂದ ಅಮೆರಿಕದಲ್ಲಿ ಜನಬಳಕೆಯ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿದ್ದರು. ಡೆಟ್ರಾಯಿಟಿನ ಕ್ಯಾಡಿಲಾಕ್ ಕಾರ್ಖಾನೆ ಆಗ ಯುದ್ಧದ ಟ್ಯಾಂಕುಗಳನ್ನು ಮಾಡುತ್ತಿತ್ತು. ಕಾರಿನ ಎಂಜಿನ್, ತಾನಾಗಿ ಗೇರು ಬದಲಿಸುವ ಹೈಡ್ರಾಮ್ಯಾಟಿಕ್ ಯಂತ್ರ ಇವೆರಡೂ ಟ್ಯಾಂಕುಗಳ ಹೊಟ್ಟೆ ಸೇರಿದ್ದವು. ಯುದ್ಧ ಮುಗಿದ ಮೇಲೆ ಕೊಳ್ಳುವವರ ಕೈಯಲ್ಲಿ ಹಣವಿತ್ತು, ಮನಸ್ಸಿನಲ್ಲಿ ವಿಮಾನಗಳಿದ್ದವು. ಲಾಕ್‌ಹೀಡ್ ಪಿ-38 ಎಂಬ ಎರಡು ಬಾಲದ ಯುದ್ಧವಿಮಾನವನ್ನು ಕಂಡು ಬಂದಿದ್ದ ಹಾರ್ಲಿ ಅರ್ಲ್ ಎಂಬ ವಿನ್ಯಾಸಕನೂ ಅವನ ಸಂಗಡಿಗರೂ 1948ರ ಕ್ಯಾಡಿಲಾಕಿಗೆ ಮೊದಲ ಬಾರಿ ಬಾಲದ ರೆಕ್ಕೆಗಳನ್ನು ಇಟ್ಟರು. 1949ರಲ್ಲಿ 160 ಅಶ್ವಶಕ್ತಿಯ ಹೊಸ ವಿ-8 ಎಂಜಿನ್ ಬಂದಿತು. ನಮ್ಮೂರಿಗೆ ಬಂದದ್ದು ಆ ವರ್ಷದ ಗಾಡಿ, ಸೀರೀಸ್ 62, ಛತ್ತು ಮಡಚುವ ಕನ್ವರ್ಟಿಬಲ್. ಆ ವರ್ಷ ಅಂಥವನ್ನು ಮಾಡಿದ್ದು ಸುಮಾರು 8,000 ಮಾತ್ರ. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಯೇ ಗಾಡಿಯ ಸಂಖ್ಯೆ. ಅದು 49 ಎಂದು ಆರಂಭವಾದರೆ ವರ್ಷ, ಮುಂದಿನ 62 ಮಾದರಿ. ಇಂದಿನ ಸಂಗ್ರಾಹಕರು ಮೊದಲು ನೋಡುವುದು ಈ ಸಂಖ್ಯೆಯನ್ನು.

ಇಲ್ಲಿ ಸೊಲ್ಲಾಪುರದವರು ನೆನೆಯಬೇಕಾದ ಇನ್ನೊಂದು ಮಾತಿದೆ. ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಜೊತೆ ನಿಂತ ಉದ್ಯಮಿ ವಾಲಚಂದ ಹೀರಾಚಂದರು 1882ರಲ್ಲಿ ಹುಟ್ಟಿದ್ದು ನಮ್ಮ ಸೊಲ್ಲಾಪುರದಲ್ಲಿ. ಮೈಸೂರು ಸಂಸ್ಥಾನ ಕೈಜೋಡಿಸಲು ಸಿದ್ಧವಿದ್ದರೂ ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಕಾರು ಆಗದಿದ್ದರೇನು, 1940ರ ಡಿಸೆಂಬರಿನಲ್ಲಿ ಇದೇ ವಾಲಚಂದರು ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಆರಂಭಿಸಿದರು. ಬಳಿಕ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿ, ಕ್ರೈಸ್ಲರ್ ಕಂಪನಿಯ ಒಪ್ಪಂದದಿಂದ 1947ರಿಂದ ಡಾಜ್, ಪ್ಲಿಮತ್, ಡಿಸೋಟೋ ಗಾಡಿಗಳನ್ನು ಜೋಡಿಸತೊಡಗಿದರು. ಕ್ಯಾಡಿಲಾಕ್ ಆ ಗುಂಪಿನದಲ್ಲ. ಅದು ಜನರಲ್ ಮೋಟರ್ಸ್ ಕಂಪನಿಯ ಕೂಸು. ಆ ಕಂಪನಿ ಮುಂಬಯಿಯಲ್ಲಿ 1928ರಿಂದ ಗಾಡಿ ಜೋಡಿಸುತ್ತಿದ್ದುದು, ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸದೆ ಬರಿದೆ ಜೋಡಿಸುವವರಿಗೆ ಇಲ್ಲಿ ಸ್ಥಳವಿಲ್ಲವೆಂಬ ಸರಕಾರದ ಧೋರಣೆಯಿಂದ 1954ರಲ್ಲಿ ಬಾಗಿಲು ಹಾಕಿತು. ಧೋರಣೆ ಸರಿಯೇ ಇದ್ದಿರಬಹುದು. ಆದರೆ ಆಗಲೇ ದೇಶದೊಳಗೆ ಬಂದು ಕುಳಿತಿದ್ದ ಅಮೆರಿಕದ ಕಾರುಗಳಿಗೆ ಅಂದಿನಿಂದ ತವರು ತಪ್ಪಿತು. ಒಂದು ರಬ್ಬರ್ ವಾಶರು ಹರಿದರೂ ಬರುವ ದಾರಿಯಿಲ್ಲ. ಆಮದಿಗೆ ಪರವಾನಗಿ ಬೇಕು, ಡಾಲರು ಬೇಕು. ಜವಳಿ ವರ್ತಕರ ಹತ್ತಿರ ಹಣವಿತ್ತು, ಡಾಲರು ಇರಲಿಲ್ಲ. ನಮ್ಮಣ್ಣನ ವಿದ್ಯೆ ಬೆಳೆದದ್ದು ಈ ಕೊರತೆಯಲ್ಲಿ.

ಆ ಕಾರಿನ ಛತ್ತು, ಬಾಗಿಲಿನ ಕಾಚುಗಳು, ಮುಂದಿನ ಸೀಟು ಇವೆಲ್ಲ ನಡೆಯುತ್ತಿದ್ದುದು ಎಣ್ಣೆಯ ಒತ್ತಡದಿಂದ. ಬಾನೆಟ್ಟಿನ ಕೆಳಗೆ ವಿದ್ಯುತ್ತಿನಿಂದ ತಿರುಗುವ ಒಂದು ಪಂಪು. ಅಲ್ಲಿಂದ ಸಣ್ಣ ಸಣ್ಣ ಪೈಪುಗಳು ಕಾರಿನ ಮೈಯೆಲ್ಲ ಹರಿದು ಕಾಚಿನ ಕೆಳಗಿನ ಸಿಲಿಂಡರುಗಳಿಗೆ ಎಣ್ಣೆ ಒಯ್ಯುತ್ತವೆ. ಅದರಲ್ಲಿ ಹಾಕುತ್ತಿದ್ದ ಎಣ್ಣೆ ಬ್ರೇಕ್ ಆಯಿಲ್. ಬ್ರೇಕ್ ಆಯಿಲಿಗೆ ಬಣ್ಣವನ್ನು ತಿನ್ನುವ ಗುಣವಿದೆ. ಒಂದು ರಬ್ಬರು ಸವೆದು ಎಣ್ಣೆ ಜಿನುಗಿದರೆ ಕಾಚು ಏರುವುದು ನಿಲ್ಲುವುದಷ್ಟೇ ಅಲ್ಲ, ಬಾಗಿಲಿನ ಬಣ್ಣವೂ ಒಳಗಿನಿಂದ ಹುಣ್ಣಾದಂತೆ ಏಳುತ್ತದೆ. ಬ್ಯಾಟರಿ ಬರಿಯ ಆರು ವೋಲ್ಟು. ಅದು ಸ್ವಲ್ಪ ಸೋತರೂ ಛತ್ತು ಅರ್ಧಕ್ಕೆ ನಿಲ್ಲುತ್ತದೆ. ಮಳೆಯಲ್ಲಿ ಹಾಗಾದರೆ ಯಜಮಾನರ ಕೋಪ ನೆತ್ತಿಗೇರುತ್ತಿತ್ತಂತೆ. ಅಣ್ಣ ಲಾರಿಯ ಬ್ರೇಕಿನ ರಬ್ಬರು ಕಪ್ಪುಗಳನ್ನು ಕೊರೆದು ಈ ಸಿಲಿಂಡರುಗಳಿಗೆ ಕೂಡಿಸಿದನು. ಸುಟ್ಟ ಮೋಟಾರಿಗೆ ತಾನೇ ತಂತಿ ಸುತ್ತಿದನು. ಒಡೆದ ಪೈಪುಗಳನ್ನು ಬೇರೆ ದಾರಿಯಿಂದ ಒಯ್ದನು. 1961ರಿಂದ 1974ರ ತನಕ, ಪೆಟ್ರೋಲಿನ ಬೆಲೆ ಏರಿ ಯಜಮಾನರ ಮಕ್ಕಳು ಗಾಡಿಯನ್ನು ಇಟ್ಟಂಗಿಯ ಮೇಲೆ ನಿಲ್ಲಿಸುವವರೆಗೆ, ಅದನ್ನು ಮುಟ್ಟಿದ್ದು ಅವನೊಬ್ಬನ ಕೈ. ಮಾಡಿದ್ದನ್ನೆಲ್ಲ ಕೆಂಪು ಬಟ್ಟೆ ಹೊದಿಸಿದ ವ್ಯಾಪಾರಿಗಳ ಚೋಪಡಿಯೊಂದರಲ್ಲಿ ಕನ್ನಡದಲ್ಲಿ ಬರೆದಿಟ್ಟನು. ಮೊದಲ ಹಾಳೆಯ ನೆತ್ತಿಯಲ್ಲಿ 'ಶ್ರೀ ಸಿದ್ಧರಾಮ ಪ್ರಸನ್ನ' ಎಂದಿದೆ.

ಅದೇ ವರ್ಷಗಳಲ್ಲಿ ನಾನು ಸೊಲ್ಲಾಪುರದ ಸಂಗಮೇಶ್ವರ ಕಾಲೇಜಿನಲ್ಲಿ ಬಿ.ಎ. ಓದಿದೆ. 1972ರ ಬರಗಾಲದಲ್ಲಿ ಅವ್ವ ರಸ್ತೆಯ ಕೆಲಸಕ್ಕೆ ಖಡಿ ಒಡೆಯಲು ಹೋದಳು. ರೇಷನ್ನಿನಲ್ಲಿ ಬರುತ್ತಿದ್ದ ಅಮೆರಿಕದ ಕೆಂಪು ಮಿಲೋ ಜೋಳದ ರೊಟ್ಟಿ ಹರಿಯುತ್ತಿರಲಿಲ್ಲ, ಮುರಿಯುತ್ತಿತ್ತು. ಆ ವರ್ಷವೇ ನಾನು ಬಿ.ಎಡ್. ಸೇರಿದೆ. ಹಣ ಅಣ್ಣ ಕಳಿಸುತ್ತಿದ್ದನು. ಎಲ್ಲಿಂದ ಬರುತ್ತದೆಂದು ನಾನು ಕೇಳಲಿಲ್ಲ. ಗ್ಯಾರೇಜಿನ ಸಂಬಳವೆಂದುಕೊಂಡಿದ್ದೆ.

ಈಗ ಬರೆಯಲು ಕಷ್ಟವಾಗುವ ಒಂದು ಸಂಗತಿ. 1994ರಲ್ಲಿ ನನಗೆ ಆದರ್ಶ ಶಿಕ್ಷಕನೆಂದು ಸತ್ಕಾರವಾಯಿತು. ಶಾಲು, ಫಲಕ, ಭಾಷಣಗಳು ಎಲ್ಲವೂ ಇದ್ದವು. ಅಣ್ಣ ಗ್ಯಾರೇಜಿನಿಂದ ನೇರವಾಗಿ ಬಂದು ಸಭಾಗೃಹದ ಕೊನೆಯಲ್ಲಿ ನಿಂತಿದ್ದನು. ಅಂಗಿಯ ಮೇಲೆ ಗ್ರೀಸಿನ ಕಲೆ, ಉಗುರುಗಳ ಸಂದಿಯಲ್ಲಿ ಎಂದೂ ಹೋಗದ ಕಪ್ಪು. ಕಾರ್ಯಕ್ರಮ ಮುಗಿದ ಮೇಲೆ ಅವನು ನನ್ನ ಬಳಿ ಬಂದು ಮಾತಾಡಿಸಿದಾಗ, ಪಕ್ಕದಲ್ಲಿದ್ದ ಅತಿಥಿಗಳು ಇವರು ಯಾರೆಂದು ಕೇಳಿದರು. "ನಮ್ಮ ಊರಿನವರು" ಎಂದೆ. ಸುಳ್ಳಲ್ಲ. ಅಣ್ಣ ಅತಿಥಿಗಳಿಗೆ ಕೈಮುಗಿದು, "ಬರ್ತೀನ್ರಿ ಮಾಸ್ತರ" ಎಂದು ನನಗೆ ಹೇಳಿ ಹೋದನು. ಅಲ್ಲಿಯವರೆಗೆ ನನ್ನನ್ನು 'ತಮ್ಮಾ' ಎನ್ನುತ್ತಿದ್ದನು. ಆ ದಿನದಿಂದ ಇಂದಿನವರೆಗೆ ಮಾಸ್ತರ.

2015ರಲ್ಲಿ ಪುಣೆಯ ಒಬ್ಬ ಗೃಹಸ್ಥರು ಅಣ್ಣನನ್ನು ಹುಡುಕಿಕೊಂಡು ಬಂದರು. ಹಳೆಯ ಕಾರುಗಳನ್ನು ಸಂಗ್ರಹಿಸುವವರು. ಜವಳಿ ವರ್ತಕರ ಮೊಮ್ಮಕ್ಕಳಿಂದ ಆ ಕ್ಯಾಡಿಲಾಕನ್ನು ಕೊಂಡಿದ್ದರು. ನಲವತ್ತು ವರ್ಷ ಶೆಡ್ಡಿನಲ್ಲಿ ನಿಂತದ್ದು. ಸೀಟಿನೊಳಗೆ ಇಲಿ ಮರಿ ಹಾಕಿದ್ದವು, ತಳದ ತಗಡು ತಿಂದುಹೋಗಿತ್ತು. ಅದನ್ನು ಮೊಳೆ ಮೊಳೆಯಾಗಿ ಬಿಚ್ಚಿ ಮತ್ತೆ ಹೊಸದರಂತೆ ಮಾಡಿಸುವುದು ಅವರ ಸಂಕಲ್ಪ. ಅಮೆರಿಕದಿಂದ ರಿಪೇರಿಯ ಮೂಲಪುಸ್ತಕವನ್ನೂ ತರಿಸಿದ್ದರು. ಆದರೆ ಪುಸ್ತಕ ಒಂದು ಹೇಳುತ್ತಿತ್ತು, ಕಾರು ಇನ್ನೊಂದು ಹೇಳುತ್ತಿತ್ತು. ಚಿತ್ರದಲ್ಲಿ ಇದ್ದ ಪೈಪು ಗಾಡಿಯಲ್ಲಿ ಇಲ್ಲ. ಗಾಡಿಯಲ್ಲಿದ್ದ ತಂತಿ ಚಿತ್ರದಲ್ಲಿ ಇಲ್ಲ. ಇದನ್ನು ಮಾಡಿದವರು ಯಾರೆಂದು ಕೇಳುತ್ತ ಕೇಳುತ್ತ ಅಣ್ಣನ ಮನೆ ಮುಟ್ಟಿದ್ದರು.

ಅಷ್ಟರಲ್ಲಿ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಎರಡು ಕಣ್ಣೂ ಹೋಗಿದ್ದವು. ಬೆಳಕು ಕತ್ತಲೆ ಗೊತ್ತಾಗುತ್ತಿತ್ತು, ಅಷ್ಟೇ. "ಚೋಪಡಿ ಅದರಿ, ಒಯ್ಯಿರಿ" ಎಂದನು. ವೈನಿ ಟ್ರಂಕಿನಿಂದ ತೆಗೆದುಕೊಟ್ಟಳು. ಪುಣೆಯ ಹುಡುಗರಿಗೆ ಕನ್ನಡ ಬಾರದು. ಫೋನಿನಲ್ಲಿ ಭಾಷಾಂತರ ಮಾಡಿ ನೋಡಿದರಂತೆ. ಅಣ್ಣ ಗಾಡಿಯ ಅಂಗಾಂಗಗಳಿಗೆ ಇಟ್ಟ ಹೆಸರುಗಳು ಅವನವೇ. ಪಂಪಿನಿಂದ ಎಣ್ಣೆ ಹೊರಡುವ ಪೈಪಿಗೆ 'ಗಂಡನ ಮನಿ ಪೈಪು', ಮರಳಿ ಬರುವ ಪೈಪಿಗೆ 'ತವರು ಪೈಪು'. ವಿದ್ಯುತ್ತು ಹರಿಯದ ತಂತಿ 'ಗೊಡ್ಡು ತಂತಿ'. ದಾರಿಯಲ್ಲಿಯೇ ಎಲ್ಲೋ ವಿದ್ಯುತ್ತು ಸೋರಿಸಿಕೊಳ್ಳುವ ತಂತಿ 'ಕಳ್ಳ ತಂತಿ'. ಬಣ್ಣಗಳು ಅರಿಶಿಣ, ಕುಂಕುಮ, ಕಾಡಿಗೆ. ಕ್ಯಾಡಿಲಾಕಿನ ಛತ್ತು ಏರದಿದ್ದರೆ ಹೆಂಡತಿಯ ತವರುಮನೆಯನ್ನು ಬಿಚ್ಚಿ ತೊಳೆಯಬೇಕೆಂದು ಫೋನು ಹೇಳಿತಂತೆ. ಓದುವವರೊಬ್ಬರು ಬೇಕೆಂದು ಗೃಹಸ್ಥರು ಕೇಳಿದರು. "ನಮ್ಮ ಮಾಸ್ತರ ಅದಾರಲ್ರಿ, ರಿಟಾಯರ್ ಆಗ್ಯಾರ, ಪುರಸೊತ್ತ ಅದ" ಎಂದನು ಅಣ್ಣ.

ಹೀಗೆ ನಾವಿಬ್ಬರು ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಗೆ ಹೋಗಿ ಬರತೊಡಗಿದೆವು. ಇಳಿದುಕೊಳ್ಳುವುದು ನನ್ನ ಮಗಳ ಮನೆಯಲ್ಲಿ. ಎರಡು ವರ್ಷಗಳಲ್ಲಿ ಎಂಟು ಸಲವೋ ಒಂಬತ್ತು ಸಲವೋ ಹೋದೆವು. ಶೆಡ್ಡಿನ ನಡುವೆ ಕಾರಿನ ಅಸ್ಥಿಪಂಜರ; ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಣ್ಣ, ಒಂದು ಕೈ ಚಾಸಿಯ ಮೇಲೆ. ನಾನು ಚೋಪಡಿ ಹಿಡಿದು ಗಟ್ಟಿಯಾಗಿ ಓದುವುದು. ಓದಿದ್ದನ್ನು ಮರಾಠಿಯಲ್ಲಿ ಹೇಳುವುದು. ತಪ್ಪಾಗಿ ಓದಿದರೆ ಅಣ್ಣ ತಿದ್ದುತ್ತಿದ್ದನು. ಮೂವತ್ತನಾಲ್ಕು ವರ್ಷ ಬೇರೆಯವರ ಓದನ್ನು ತಿದ್ದಿದ ನನಗೆ ಅದು ಮೊದಲ ದಿನ ಸ್ವಲ್ಪ ಇರಿಸುಮುರಿಸಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಮೂರನೆಯ ಸಲ ಹೋದಾಗ 1969ರ ಹಾಳೆಗಳು ಬಂದವು. ನಾನು ಓದುತ್ತ ಹೋದೆ: "ತಾರೀಖು 14, ಮಾರ್ಚ್. ಎಡಗಡಿ ಹಿಂದಿನ ಕಾಚು ಏರಂಗಿಲ್ಲ. ತವರು ಪೈಪಿಗೆ ಬೆಸುಗಿ ಹಾಕಿದ್ದು. ರಾತ್ರಿ ಎರಡರ ತನಕ ಕೆಲಸ. ಮೇಲಿನ ಕೂಲಿ 7 ರೂಪಾಯಿ." ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ಅದೂ ಗಾಡಿಯ ವಿಷಯವೆಂದುಕೊಂಡು ಓದಿಬಿಟ್ಟೆ. "ತಮ್ಮನ ಪರೀಕ್ಷಾ ಫೀಗೆ ಇನ್ನ 11 ಬೇಕು."

ನಾನು ನಿಂತೆ. ಹುಡುಗರು ಸ್ಪ್ಯಾನರು ಹಿಡಿದು ಮರಾಠಿಗಾಗಿ ಕಾಯುತ್ತಿದ್ದರು. ಕಣ್ಣು ಮುಂದಿನ ಸಾಲುಗಳ ಮೇಲೆ ಹರಿಯಿತು. 17ನೆಯ ತಾರೀಖು, ಪಂಪು ಬಿಚ್ಚಿದ್ದು, ರಾತ್ರಿ ಕೆಲಸ, 6 ರೂಪಾಯಿ. ಇನ್ನ 5 ಬೇಕು. 19ನೆಯ ತಾರೀಖು, ಛತ್ತಿನ ಎರಡೂ ಸಿಲಿಂಡರು, ರಾತ್ರಿ ಕೆಲಸ, 5 ರೂಪಾಯಿ. ಆ ಪುಟದಲ್ಲಿ ಛತ್ತಿನ ಪೈಪುಗಳ ಚಿತ್ರವನ್ನು ಬಹಳ ಚೆಂದವಾಗಿ ಬರೆದಿದ್ದನು, ನನ್ನ ಶಾಲೆಯ ಚಿತ್ರಕಲಾ ಶಿಕ್ಷಕರೂ ಮೆಚ್ಚುವಂತೆ. ಚಿತ್ರದ ಮೂಲೆಯಲ್ಲಿ: "ತಮ್ಮನ ಫೀ ತುಂಬಿತು."

"ಯಾಕ ನಿಂತ್ರಿ ಮಾಸ್ತರ?"

"ಇದು... ಗಾಡೀದಲ್ಲ."

"ಗಾಡೀದೇ ಅದು. ಮುಂದ ಓದ್ರಿ."

ಮುಂದೆ ಓದಿದೆ. ಆ ದಿನ ಸಂಜೆ ಮಗಳ ಮನೆಯ ಗ್ಯಾಲರಿಯಲ್ಲಿ ಕುಳಿತಾಗ, 1994ರ ಮಾತನ್ನು ಎತ್ತಬೇಕೆಂದು ಮೂರು ಸಲ ಬಾಯಿ ತೆರೆದೆ. ಅಣ್ಣ ಆ ಕಾರಿನ ಡೈನಮೋ ವಿಷಯ ಹೇಳುತ್ತಲೇ ಹೋದನು. ನನಗಾಗಿಯೇ ಹೇಳುತ್ತ ಹೋದನೆಂದು ಈಗ ಅನಿಸುತ್ತದೆ.

ಈ ಪುನರುದ್ಧಾರದ ಕೆಲಸದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ಚೋಪಡಿಯ ನೆರವಿನಿಂದ ಅವರು ಹುಡುಕುತ್ತಿದ್ದುದು ಅಣ್ಣ ಎಲ್ಲೆಲ್ಲಿ ಏನೇನು ಬದಲಿಸಿದ್ದಾನೆಂಬುದನ್ನು, ಹುಡುಕುತ್ತಿದ್ದುದು ತೆಗೆದುಹಾಕುವುದಕ್ಕಾಗಿ. ಲಾರಿಯ ರಬ್ಬರು ಹೊರಗೆ, ಅಮೆರಿಕದಿಂದ ತರಿಸಿದ ರಬ್ಬರು ಒಳಗೆ. ಅವನು ಸುತ್ತಿದ ಮೋಟಾರು ಹೊರಗೆ. ಸಂಗ್ರಾಹಕರ ಲೋಕದ ಕಾಯಿದೆ ಹಾಗೆಯೇ ಇದೆ. ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗಿರಬೇಕು, ನಡುವಿನ ಕೈಗಳ ಗುರುತು ಇರಬಾರದು. ಹಳೆಯ ತಾಡವೋಲೆಯನ್ನು ಸಂಪಾದಿಸುವ ವಿದ್ವಾಂಸರು ಲಿಪಿಕಾರನ ಪಾಠಾಂತರವನ್ನು ಕನಿಷ್ಠ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆ. ಇಲ್ಲಿ ಆ ಮರ್ಯಾದೆಯೂ ಇಲ್ಲ. ಹಾಗೆಂದು ಗೃಹಸ್ಥರು ಒಳ್ಳೆಯವರು. ಅಣ್ಣನನ್ನು 'ಉಸ್ತಾದ' ಎಂದು ಕರೆಯುತ್ತಿದ್ದರು, ಬಂದು ಹೋಗುವ ಖರ್ಚಲ್ಲದೆ ದಿನದ ಕೂಲಿಯನ್ನೂ ಲಕೋಟೆಯಲ್ಲಿ ಹಾಕಿ ಎರಡೂ ಕೈಯಿಂದ ಕೊಡುತ್ತಿದ್ದರು. ನಾನು ಅಣ್ಣನ ಪರವಾಗಿ ಸಿಟ್ಟಾಗಿ, "ನೀ ಮಾಡಿದ್ದೆಲ್ಲಾ ತಗದು ಒಗೀಲಕತ್ತಾರಲ್ಲೋ ಅಣ್ಣಾ" ಎಂದರೆ ಅವನಿಗೆ ನಗು.

"ಒಗೀಲಿ ಬಿಡ್ರಿ. ಬ್ಯಾರೆ ಗತಿ ಇಲ್ಲದಾಗ ಮಾಡಿದ್ದದು. ಮುರದ ಕಾಲಿಗಿ ಕಟ್ಟಿದ ಬಿದಿರ ದಬ್ಬಿ. ಕಾಲು ಕೂಡಿದ ಮ್ಯಾಲ ದಬ್ಬಿ ಯಾರರೆ ಇಟ್ಕೋತಾರೇನು?"

ತೆಗೆದ ಸಾಮಾನುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿದ್ದರು. ಕೇಳಿ ತಂದಿದ್ದೇನೆ. ನನ್ನ ಕಪಾಟಿನಲ್ಲಿ 1994ರ ಶಾಲಿನ ಪಕ್ಕದಲ್ಲಿದೆ. ಗ್ರೀಸಿನ ವಾಸನೆ ಶಾಲಿಗೂ ಹತ್ತಿದೆ.

ಬಣ್ಣದ ವಿಷಯದಲ್ಲಿ ಮಾತ್ರ ಅಣ್ಣ ಜಗಳವಾಡಿದನು. ಗೃಹಸ್ಥರ ಮನೆಯವರಿಗೆ ಕಡುಕೆಂಪು ಬಣ್ಣ ಬೇಕಾಗಿತ್ತು. ಪ್ರದರ್ಶನದಲ್ಲಿ ಎದ್ದು ಕಾಣುತ್ತದೆ. ಅಣ್ಣ ಕುರ್ಚಿಯಿಂದ ಎದ್ದು ನಿಂತನು. "ಮಾಸ್ತರ, ಹೇಳ್ರಿ ಅವರಿಗಿ. ನಾ ನೋಡಲಕ ಬರಂಗಿಲ್ಲ, ಖರೇ. ಆದರ ನಾ ಮುಟ್ಟಿದ್ರ ಕೆಂಪು ಗಾಡಿ ಮುಟ್ಟಿದಂಗ ಆಗಬಾರದು." ಇದನ್ನು ಮರಾಠಿಗೆ ತರುವುದು ನನ್ನಿಂದ ಆಗಲಿಲ್ಲ, ಮೂಲ ಬಣ್ಣವೇ ಇರಲೆಂದು ಉಸ್ತಾದರ ಅಪೇಕ್ಷೆ ಎಂದಷ್ಟೇ ಹೇಳಿದೆ. ಬಾಗಿಲಿನ ಸಂದಿಯಲ್ಲಿ ಕೆರೆದು ನೋಡಿದಾಗ ಹಳೆಯ ಮೋಡದ ಬಣ್ಣ ಸಿಕ್ಕಿತು. ಅದನ್ನೇ ಹಾಕಿದರು.

ಇನ್ನೊಂದು ಗುಟ್ಟು. ಹಿಂದಿನ ದೀಪವನ್ನು ಎತ್ತಿದಾಗ ಅದು ನಿಲ್ಲುವಂತೆ ಹಿಡಿಯುವ ಸಣ್ಣ ಸ್ಪ್ರಿಂಗು 1966ರಲ್ಲಿ ಮುರಿದಿತ್ತು. ಕೊಡೆಯ ಕಡ್ಡಿಯಿಂದ ಅಣ್ಣ ಹೊಸದು ಮಾಡಿದ್ದನು. ಚೋಪಡಿಯ ಆ ಸಾಲು ಬಂದಾಗ ನಾನು ಓದುವುದರೊಳಗೆ ಅಣ್ಣ ನನ್ನ ಮೊಣಕಾಲು ತಿವಿದು, "ಆ ಸಾಲು ಬಿಡ್ರಿ" ಎಂದು ಪಿಸುಗುಟ್ಟಿದನು. ಬಿಟ್ಟೆ. ತಿಳಿದೂ ತಿಳಿದೂ ಒಂದು ಸಾಲನ್ನು ಬಿಟ್ಟು ಓದಿದ್ದು ನನ್ನ ವೃತ್ತಿಜೀವನದಲ್ಲಿ ಅದೊಂದೇ ಸಲ. ಆ ಸ್ಪ್ರಿಂಗು ಇಂದಿಗೂ ಅಲ್ಲಿಯೇ ಇದೆ. ಗೃಹಸ್ಥರಿಗೆ ಕನ್ನಡ ಬಾರದೆಂಬ ಧೈರ್ಯದಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಘದ ಪುಣೆಯ ಬಂಧುಗಳು ದಯವಿಟ್ಟು ಹೇಳಕೂಡದು.

2018ರ ಚಳಿಗಾಲದಲ್ಲಿ ಪುಣೆಯ ಒಂದು ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆಯಿತು. ನಮ್ಮನ್ನೂ ಕರೆಸಿದ್ದರು. ಬಿಸಿಲಿನಲ್ಲಿ ನೂರಾರು ಗಾಡಿಗಳು ಹೊಳೆಯುತ್ತಿದ್ದವು. ನಮ್ಮ ಮೋಡದ ಬಣ್ಣದ ಗಾಡಿ ಛತ್ತು ಮಡಿಚಿಕೊಂಡು ಸುಮ್ಮನೆ ನಿಂತಿತ್ತು. ನಿರ್ಣಾಯಕರು ಎಂಜಿನ್ನಿನ ಸಂಖ್ಯೆ ನೋಡಿದರು, ಕಾಚು ಏರಿಸಿ ಇಳಿಸಿದರು, ದೀಪ ಎತ್ತಿ ಸ್ಪ್ರಿಂಗನ್ನು ನೋಡಿ ತಲೆದೂಗಿ ಏನೋ ಬರೆದುಕೊಂಡರು. ಅಣ್ಣನಿಗೆ ಹೇಳಿದೆ. ಅವನ ಹೊಟ್ಟೆ ಕುಲುಕಿತು.

ಗಾಡಿಯ ಪಕ್ಕದಲ್ಲಿ ಇಂಗ್ಲಿಷಿನ ದೊಡ್ಡ ಫಲಕ. ಅದರ ಕೆಳಗೆ, ನನಗೆ ಮೊದಲೇ ತಿಳಿಸದೆ, ಗಾಜಿನ ಚೌಕಟ್ಟಿನಲ್ಲಿ ಚೋಪಡಿಯ ಒಂದು ಪುಟದ ಪ್ರತಿಯನ್ನು ಇಟ್ಟಿದ್ದರು. ಚಿತ್ರ ಚೆಂದವಿದೆಯೆಂದು ಆರಿಸಿದ್ದರಂತೆ. ಛತ್ತಿನ ಪೈಪುಗಳ ಪುಟ. ಜನ ಬಂದು ಗಾಡಿಯ ಫೋಟೋ ತೆಗೆದ ಮೇಲೆ ಇದರದೂ ಒಂದು ತೆಗೆದು ಮುಂದೆ ಹೋಗುತ್ತಿದ್ದರು. ಸಾವಿರಾರು ಜನರ ನಡುವೆ ಆ ಮೂಲೆಯ ಸಾಲನ್ನು ಓದಬಲ್ಲವನು ನಾನೊಬ್ಬನೇ ಎಂದುಕೊಂಡು ಬೆವರುತ್ತ ನಿಂತಿದ್ದೆ.

ಮಧ್ಯಾಹ್ನ ಎಂಟು ಹತ್ತು ವರ್ಷದ ಒಬ್ಬ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ಬಂದಳು. "ಅಮ್ಮಾ, ಇದು ಕನ್ನಡ!" ಎಂದು ಗಾಜಿಗೆ ಮೂಗು ಹಚ್ಚಿ, ಮನೆಯಲ್ಲಿ ಕಲಿತ ಮಕ್ಕಳು ಓದುವಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ತ-ವ-ರು... ಪೈಪು. ಗಂ-ಡ-ನ ಮ-ನಿ..." ಕೊನೆಗೆ ಮೂಲೆಗೆ ಬಂದಳು. "ತಮ್ಮನ ಫೀ ತುಂಬಿತು. ಅಮ್ಮಾ, ಕಾರಿಗೆ ತಮ್ಮ ಇರ್ತಾನಾ?"

ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಣ್ಣ ಮುಖವೆತ್ತಿದನು. "ಯಾರವ್ವಾ ಓದಿದವರು? ಛಲೋ ಓದ್ತಿ. ಇನ್ನೊಮ್ಮಿ ಓದು."

ಅವಳು ಇನ್ನೊಮ್ಮೆ ಓದಿದಳು. ತಾಯಿ ನನ್ನತ್ತ ನೋಡಿ, ಇದನ್ನು ಬರೆದವರು ಈ ಹಿರಿಯರೇ, ಇವರು ನಿಮಗೇನಾಗಬೇಕು ಎಂದು ಕೇಳಿದರು.

"ನಮ್ಮ ಅಣ್ಣ" ಎಂದೆ. ದನಿ ಬೇಕಾದುದಕ್ಕಿಂತ ಗಟ್ಟಿಯಾಗಿ ಬಂದಿತು. ಆಚೆಯ ಗಾಡಿಯವರೂ ತಿರುಗಿ ನೋಡಿದರು. "ಆ ತಮ್ಮ ನಾನು."

ಹುಡುಗಿ ನನ್ನನ್ನೂ ಕಾರನ್ನೂ ಒಂದೆರಡು ಸಲ ನೋಡಿದಳು. ಅಣ್ಣ ಎದ್ದು, ಮಡ್‌ಗಾರ್ಡಿನ ಮೇಲೆ ಕೈಯಾಡಿಸುತ್ತ ಹಿಂಬದಿಗೆ ಹೋಗಿ, ಎಡಗಡೆಯ ದೀಪವನ್ನು ಹಿಡಿದು ಮೇಲಕ್ಕೆತ್ತಿ ಅವಳಿಗೆ ತೋರಿಸಿದನು. ಅವಳು ಕಿರುಚಿದಳು. ಕಾವಲಿನ ಹುಡುಗ ಓಡಿಬಂದು ಮುಟ್ಟಬಾರದೆಂದು ಹೇಳಿದನು.

ಆ ಗಾಡಿಗೆ ಅವರ ವರ್ಗದಲ್ಲಿ ಒಂದು ಕಪ್ಪು ಬಂದಿತು. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ಬೇರೆ ನೋಂದಣಿಯ ನಿಯಮ ಮಾಡಿದೆ. ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ, ಹೊಸ ನೋಂದಣಿಗೆ 20,000 ರೂಪಾಯಿ, ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮ ಗಾಡಿಗೂ ಆ ಸಂಖ್ಯೆ ಬಂದಿದೆಯೆಂದು ಗೃಹಸ್ಥರು ಫೋನು ಮಾಡಿ ತಿಳಿಸಿದರು. ಅಣ್ಣನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ತಿಂಗಳಿಗೊಮ್ಮೆಯಾದರೂ ಛತ್ತು ಬಿಚ್ಚಿ ಹಾಕುತ್ತಾರೋ ಇಲ್ಲವೋ, ಸುಮ್ಮನೆ ನಿಲ್ಲಿಸಿದರೆ ರಬ್ಬರು ಒಣಗುತ್ತದೆ.

ಪ್ರದರ್ಶನದ ದಿನ ಸಂಜೆ ಸ್ಟೇಷನ್ನಿಗೆ ಬಂದಾಗ ರೈಲಿಗೆ ಇನ್ನೂ ಅರ್ಧ ತಾಸಿತ್ತು. ಬೆಂಚಿನ ಮೇಲೆ ಅಣ್ಣನನ್ನು ಕೂಡಿಸಿ, ನಾನು ಎರಡು ಕಪ್ಪು ಚಹಾ ತಂದು ಒಂದನ್ನು ಅವನ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು, "ಸಕ್ಕರಿ ಹಾಕಿಸಿರೇನು ಮಾಸ್ತರ? ನಿಮ್ಮ ವೈನಿಗಿ ಹೇಳಬ್ಯಾಡ್ರಿ" ಎಂದನು.